ಹಳೇ ಪ್ಯಾಡ್ ಎಸೆಯುವ ಮುಂಚೆ

ಪಿಕಪ್ಪಿನ ಬ್ರೇಕ್ ಪ್ಯಾಡು, ಡಿಸ್ಕು ಎರಡನ್ನೂ ಮನೆ ಅಂಗಳದಲ್ಲೇ ಹಾಕ್ಕೊಳ್ತೀನಿ ಅಂತ ಹೊರಟಿದ್ದೀಯಂತೆ. ನಿಮ್ಮಮ್ಮ ಫೋನ್ ಮಾಡಿ, "ಅಣ್ಣ, ನೀನಾದ್ರೂ ಬೇಡ ಅಂತ ಹೇಳು" ಅಂದಳು. ನಾನು ಬೇಡ ಅನ್ನಲ್ಲ ಅಳಿಯಾ. ಶುಂಠಿ, ತರಕಾರಿ ತುಂಬಿಕೊಂಡು ಶಿರಾಡಿ ಘಾಟಿ ಇಳಿಯೋನಿಗೆ ತನ್ನ ಗಾಡಿ ಹೇಗೆ ನಿಲ್ಲುತ್ತೆ ಅಂತ ಗೊತ್ತಿರಬೇಕು. ಆದರೆ ಕೂಲಿ ಉಳಿಯುತ್ತೆ ಅನ್ನೋ ಒಂದೇ ಕಾರಣಕ್ಕೆ ಕೈ ಹಾಕೋದಾದ್ರೆ ಈಗಲೇ ಬಿಟ್ಟುಬಿಡು. ಕೂಲಿ ಲೆಕ್ಕ ಹಾಕೋನು ಹಳೇ ಪ್ಯಾಡ್ ಕಿತ್ತು ಮೂಲೆಗೆಸೆದು, ಹೊಸದು ಕೂರಿಸಿ ಎದ್ದು ಹೋಗ್ತಾನೆ. ಗ್ಯಾರೇಜಿನ ಹುಡುಗರೂ ಎಷ್ಟೋ ಸಲ ಹಾಗೇ ಮಾಡ್ತಾರೆ. ಅವರ ಹಿಂದೆ ಇನ್ನೂ ಮೂರು ಗಾಡಿ ಕಾದು ನಿಂತಿರುತ್ತವೆ, ತಪ್ಪು ಅನ್ನೋಕಾಗಲ್ಲ. ನೀನೇ ಮಾಡೋದರಲ್ಲಿ ಇರೋ ಲಾಭ ಬೇರೆ. ಹಳೇದು ಯಾಕೆ ಸವೆಯಿತು ಅಂತ ಕೂತು ನೋಡೋಕೆ ನಿನಗೆ ಪುರುಸೊತ್ತಿರುತ್ತೆ.

ಪುರುಸೊತ್ತು ಅಂದೆನಲ್ಲ, ಅದನ್ನ ಮೊದಲು ಮಾಡ್ಕೋ. ನಾಳೆ ಬೆಳಗಿನ ಜಾವಕ್ಕೆ ಲೋಡು ಒಪ್ಪಿಕೊಂಡು ಇವತ್ತು ಸಂಜೆ ಚಕ್ರ ಬಿಚ್ಚಬೇಡ. ತುಕ್ಕು ಹಿಡಿದ ಒಂದು ಬೋಲ್ಟು ಸಾಕು, ರಾತ್ರಿ ಹತ್ತಾದರೂ ಅಲ್ಲಾಡಲ್ಲ. ಆಗ ಮನುಷ್ಯ ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, "ಸದ್ಯಕ್ಕೆ ಹೀಗೇ ಇರಲಿ, ಬಂದ ಮೇಲೆ ನೋಡೋಣ" ಅಂತಾನೆ. ಬ್ರೇಕಿನ ಕೆಲಸದಲ್ಲಿ ಆ ಮಾತು ಬರಬಾರದು. ಮುಂದೆ ಎರಡು ದಿನ ಬಾಡಿಗೆ ಇಲ್ಲದ ಹೊತ್ತು ನೋಡಿ ಬೆಳಗ್ಗೆ ಶುರು ಮಾಡು. ಸಾಮಾನೆಲ್ಲಾ ತಂದಿಟ್ಟುಕೊಂಡೇ ಬಿಚ್ಚು.

ಗಾಡಿ ಎತ್ತೋ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಹಿಂದಿನ ಲೋಡು ಪೂರ್ತಿ ಖಾಲಿ ಇರಲಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡು. ಚಕ್ರದ ನಟ್ಟುಗಳನ್ನ ಗಾಡಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸು. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಗಾಡಿ ಜಾಕಿನ ಮೇಲೆ ಓಲಾಡುತ್ತೆ. ನಿಮ್ಮ ಅಂಗಳ ಮಣ್ಣಿನದು, ಜಾಕಿನ ಕೆಳಗೆ ದಪ್ಪ ಹಲಗೆ ಬೇಕು. ಜಾಕು ಎತ್ತೋಕೆ ಮಾತ್ರ ಇರೋದು, ಹೊತ್ತು ನಿಲ್ಲೋಕಲ್ಲ. ಎತ್ತಿದ ಮೇಲೆ ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಭಾರ ಅದರ ಮೇಲೆ ಇಳಿಸು. ಸ್ಟ್ಯಾಂಡ್ ಇಲ್ಲ ಅಂತ ಸಿಮೆಂಟ್ ಇಟ್ಟಿಗೆ ಪೇರಿಸೋರನ್ನ ನೋಡಿದ್ದೀನಿ. ಹಾಲೋ ಬ್ಲಾಕು ಒಂದೇ ಕಡೆ ಭಾರ ಬಿದ್ದರೆ ಬಿರುಕೂ ತೋರಿಸದೆ ಪುಡಿಯಾಗುತ್ತೆ. ಬಿಚ್ಚಿದ ಚಕ್ರವನ್ನ ಚಾಸಿ ಅಡಿಗೆ ಮಲಗಿಸಿಡು. ಮಕ್ಕಳು, ನಾಯಿ ಯಾರೂ ಸುತ್ತ ಸುಳಿಯದಂತೆ ನೋಡ್ಕೋ.

ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡ. ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಹೋಗು. ಕ್ಲಿಪ್ಪು ಯಾವ ಕಡೆ ಮುಖ ಮಾಡಿತ್ತು ಅಂತ ಅನುಮಾನ ಬಂದರೆ ಬಿಚ್ಚದ ಕಡೆಗೆ ಹೋಗಿ ನೋಡಿ ಬರಬಹುದು. ಆದರೆ ಬದಲಾಯಿಸೋದು ಮಾತ್ರ ಎರಡೂ ಕಡೆಯದನ್ನ. ಒಂದು ಚಕ್ರಕ್ಕೆ ಹೊಸದು, ಇನ್ನೊಂದಕ್ಕೆ ಹಳೇದು ಅಂದರೆ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಒಂದೇ ಪಕ್ಕಕ್ಕೆ ಎಳೆಯುತ್ತೆ.

ಬೋಲ್ಟು ಬಿಚ್ಚಿ ಕ್ಯಾಲಿಪರ್ ಕೈಗೆ ಬಂದಾಗ ಅದನ್ನ ಹೋಸ್ ಪೈಪಿನಲ್ಲೇ ಜೋತು ಬೀಳೋಕೆ ಬಿಡಬೇಡ. ಒಳಗಿನ ಪದರ ಹರಿದರೆ ಹೊರಗೆ ಏನೂ ಕಾಣಲ್ಲ. ಒಂದು ಬೈಂಡಿಂಗ್ ವೈರಿನಲ್ಲಿ ಸ್ಪ್ರಿಂಗಿಗೆ ಕಟ್ಟಿಡು. ಕ್ಯಾಲಿಪರ್ ಹೊರಗಿರುವಾಗ ಯಾರೂ ಪೆಡಲ್ ಒತ್ತಬಾರದು; ಒತ್ತಿದರೆ ಪಿಸ್ಟನ್ ಆಚೆ ಬಂದು ಆಯಿಲ್ ಎಲ್ಲಾ ಅಂಗಳಕ್ಕೆ. ಬೀಗದ ಕೈ ಜೇಬಿನಲ್ಲಿಟ್ಟುಕೋ, ಬಾಗಿಲು ಹಾಕಿರಲಿ. ಇನ್ನು ಆ ಕಪ್ಪು ಧೂಳು. ಬಾಯಲ್ಲಿ ಊದಬೇಡ, ಪಂಪಿನಿಂದ ಗಾಳಿ ಹೊಡೆಯಬೇಡ. ಹಳೇ ಗಾಡಿಗಳಿಗೆ, ಅಗ್ಗದ ಪ್ಯಾಡುಗಳಿಗೆ ಕಲ್ನಾರು ಬೆರೆಸ್ತಿದ್ದ ಕಾಲ ಇತ್ತು. ನಿನ್ನ ಗಾಡಿಗೆ ಮುಂಚಿನವರು ಏನು ಹಾಕಿದ್ದರೋ ಯಾರಿಗೆ ಗೊತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕವರಿಗೆ ಕಟ್ಟಿ ಬಿಸಾಡು. ಮೂಗಿಗೆ ಮಾಸ್ಕ್ ಇರಲಿ.

ಎರಡೂ ಕಡೆಯದು ಕೈಗೆ ಬಂದ ಮೇಲೆ ಹಳೇ ಪ್ಯಾಡು ನಾಲ್ಕನ್ನೂ ಜಗಲಿ ಮೇಲೆ ಪೇಪರ್ ಹಾಸಿ, ಯಾವುದು ಎಡಗಡೆ ಒಳಗಿನದು, ಯಾವುದು ಹೊರಗಿನದು ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಸಾಲಾಗಿ ಇಡು. ಒಂದು ಟೀ ಕುಡಿ. ಆಮೇಲೆ ನೋಡು.

ನಾಲ್ಕೂ ಒಂದೇ ಸಮ ಸವೆದು, ಮಸಾಲೆ 3 ಮಿಲಿಮೀಟರಿಗೆ ಬಂದಿದ್ದರೆ ಅದು ಆಯಸ್ಸು ಮುಗಿದ ಪ್ಯಾಡು, ಚಿಂತೆ ಬೇಡ. ಪಿಸ್ಟನ್ ಕಡೆಯ ಒಳಗಿನದು ಕಬ್ಬಿಣಕ್ಕೆ ಬಂದು, ಹೊರಗಿನದು ಇನ್ನೂ ದಪ್ಪ ಇದ್ದರೆ ಕ್ಯಾಲಿಪರ್ ಜಾರುವ ಪಿನ್ನು ಹಿಡಿದುಕೊಂಡಿದೆ ಅಂತ ಲೆಕ್ಕ. ಹೊಸ ಪ್ಯಾಡ್ ಹಾಕಿದರೂ ಮೂರೇ ತಿಂಗಳಿಗೆ ಅದೇ ಗತಿ. ಪಿನ್ನು ಹೊರತೆಗೆದು, ತುಕ್ಕು ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿ, ಕೈಯಲ್ಲಿ ಹಿಂದೆ ಮುಂದೆ ಜಾರುತ್ತಾ ನೋಡು. ಬೇರಿಂಗಿಗೆ ಹಾಕೋ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ನು ಮತ್ತೆ ಕಚ್ಚಿಕೊಳ್ಳುತ್ತೆ. ಒಂದು ಚಕ್ರದ್ದು ಎರಡೂ ಪ್ಯಾಡ್ ಖಾಲಿ, ಇನ್ನೊಂದು ಚಕ್ರದ್ದು ಹೊಸದರಂತೆ ಇದ್ದರೆ? ಖಾಲಿಯಾದ ಕಡೆ ಪಿಸ್ಟನ್ ವಾಪಸ್ ಸರೀತಿಲ್ಲ, ಇಲ್ಲಾ ಆ ಕಡೆಯ ಹೋಸ್ ಒಳಗೇ ಊದಿಕೊಂಡು ಹೋದ ಆಯಿಲನ್ನ ವಾಪಸ್ ಬಿಡ್ತಿಲ್ಲ. ಚೆನ್ನಾಗಿರೋ ಕಡೆಯೇ ಕೆಲಸ ಮಾಡ್ತಿಲ್ಲ ಅಂತಲೂ ಇರಬಹುದು. ಅದೇ ಹೆಚ್ಚು ಮೋಸ. ಪ್ಯಾಡಿನ ಮುಖ ಎಣ್ಣೆ ಕುಡಿದಂತಿದ್ದರೆ ಪಿಸ್ಟನ್ ಸೀಲೋ ಹಬ್ಬಿನ ಸೀಲೋ ಸೋರ್ತಿದೆ, ಹುಡುಕು.

ನಾಲ್ಕೂ ಬೇಗ ಮುಗಿದಿದ್ದರೆ ಹಿಂದಕ್ಕೆ ಹೋಗಿ ನೋಡು. ನಿನ್ನ ಗಾಡಿಗೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಹಿಂದಿನ ಲೈನರ್ ಸವೆದು ಡ್ರಮ್ಮಿಗೆ ಮುಟ್ಟೋದೇ ತಡವಾದರೆ ಇಡೀ ಲೋಡಿನ ಭಾರ ಮುಂದಿನ ಪ್ಯಾಡೇ ಹೊರುತ್ತೆ. ಎಷ್ಟೋ ಜನ ಮುಂದಿನ ಪ್ಯಾಡ್ ಕಂಪನಿಯನ್ನ ಬೈತಾ ವರ್ಷಕ್ಕೆರಡು ಸಲ ಬದಲಾಯಿಸ್ತಾರೆ, ಡ್ರಮ್ ಒಮ್ಮೆಯೂ ಬಿಚ್ಚಲ್ಲ.

ಪ್ಯಾಡಿನ ಮುಖ ಗಾಜಿನಂತೆ ಹೊಳೀತಾ, ಡಿಸ್ಕಿನ ಮೇಲೆ ನೀಲಿ ಮಚ್ಚೆ ಬಿದ್ದಿದ್ದರೆ ದೋಷ ಬಹಳ ಸಲ ಗಾಡಿಯದ್ದಲ್ಲ, ನಿನ್ನ ಬಲಗಾಲಿನದು. ಅದು ಬಿಸಿಯ ಗುರುತು. ಶಿರಾಡಿ ಘಾಟಿಯ ತಲೆಯಲ್ಲಿರೋ ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ದೋಣಿಗಲ್ ದಾಟಿ ಮಾರನಹಳ್ಳಿ, ಗುಂಡ್ಯ ಅಂತ ಇಳಿಯುವಾಗ 700 ಮೀಟರ್ ಇಳಿತ ಅಂತಲೇ ಇಟ್ಟುಕೊ. ಮೂರು ಟನ್ ತೂಗೋ ಗಾಡಿಯ ಆ ಇಳಿತವನ್ನೆಲ್ಲಾ ಬರೀ ಬ್ರೇಕಿನಲ್ಲೇ ತಡೆದರೆ ಹುಟ್ಟೋ ಶಾಖದಲ್ಲಿ 65 ಲೀಟರ್ ತಣ್ಣೀರು ಕುದಿ ಬರುತ್ತೆ. ಬಚ್ಚಲ ಹಂಡೆ ಒಂದು ತುಂಬ ನೀರು ಕುದಿಸೋ ಬೆಂಕಿ ನಿನ್ನ ನಾಲ್ಕು ಚಕ್ರದೊಳಗೆ ಉರಿದ ಹಾಗೆ. ಇನ್ನು ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ಆಯಿಲ್ ಹೊಸದಿದ್ದಾಗ 230 ಡಿಗ್ರಿಗಿಂತ ಮುಂಚೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಡಾಟ್ 3 ಆದರೆ 205, ಆಮೇಲೆ 140. ನಮ್ಮ ಮಲೆನಾಡಿನ ಮಳೆಗಾಲ ಕೇಳಬೇಕೇ? ಆಯಿಲ್ ಕುದ್ದರೆ ಪೈಪಿನಲ್ಲಿ ಆವಿ ಕೂರುತ್ತೆ, ಪೆಡಲ್ ಒತ್ತಿದರೆ ಆವಿ ಅಮುಕುತ್ತೆ, ಗಾಡಿ ನಿಲ್ಲಲ್ಲ. ಹೊಸ ಪ್ಯಾಡ್ ಹಾಕಿದ್ದೆನಲ್ಲ ಅಂತ ಆಗ ಅಂದರೆ ಏನು ಪ್ರಯೋಜನ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಾಗಲಿ. ಇಳಿಜಾರು ಶುರುವಾಗೋ ಮುಂಚೆಯೇ ಗೇರ್ ಇಳಿಸು, ಎಂಜಿನ್ ಹಿಡಿದುಕೊಳ್ಳಲಿ. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡೋ ಚಾಳಿ ನಿಮ್ಮ ಸ್ಟ್ಯಾಂಡಿನ ಹುಡುಗರಿಗೆಲ್ಲಾ ಇದೆ. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲೇಟರ್ ಬಿಟ್ಟರೆ ಡೀಸೆಲ್ ತಾನೇ ನಿಂತು ಹೋಗುತ್ತೆ. ನ್ಯೂಟ್ರಲ್ಲಿನಲ್ಲೇ ಎಂಜಿನ್ ಉಸಿರಾಡೋಕೆ ಡೀಸೆಲ್ ಬೇಕಾಗೋದು. ಎಂಜಿನ್ ಆಫ್ ಮಾಡಿ ಇಳಿಸೋ ಪುಣ್ಯಾತ್ಮರಿಗೆ ನಾನು ಏನೂ ಹೇಳಲ್ಲ. ಬೂಸ್ಟರಿನಲ್ಲಿ ಉಳಿದ ಎರಡು ಮೂರು ಒತ್ತು ಮುಗಿದರೆ ಪೆಡಲ್ ಕಲ್ಲಾಗುತ್ತೆ, ಅಷ್ಟೇ.

ಡಿಸ್ಕ್ ಹೊಸದು ಬೇಕಾ, ಲೇತ್‌ಗೆ ಕೊಟ್ಟು ಸವರಿಸಿದರೆ ಸಾಕಾ ಅಂತ ಅಳತೆ ಹೇಳಬೇಕು, ಕಣ್ಣಲ್ಲ. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕಿನ ಮೇಲೇ ಕೆತ್ತಿರುತ್ತೆ, ತುಕ್ಕು ಉಜ್ಜಿದರೆ ಕಾಣುತ್ತೆ. ಹೊಸ ಡಿಸ್ಕಿಗೂ ಕೊನೇ ದಪ್ಪಕ್ಕೂ ಸಾಮಾನ್ಯವಾಗಿ ಇರೋದು ಎರಡು ಮಿಲಿಮೀಟರ್ ಆಸುಪಾಸಿನ ಅಂತರ. ಅಳೆಯುವಾಗ ಒಂದು ಮೋಸ ಇದೆ. ಪ್ಯಾಡ್ ಮುಟ್ಟದ ಹೊರ ಅಂಚು ಸವೆಯದೆ ದಂಡೆ ತರ ನಿಂತಿರುತ್ತೆ, ವರ್ನಿಯರ್ ಆ ದಂಡೆಗೆ ತಗುಲಿ ಜಾಸ್ತಿ ತೋರಿಸುತ್ತೆ. ಒಂದೇ ತರದ ಎರಡು ನಾಣ್ಯ ತಗೊಂಡು ದಂಡೆಯ ಒಳಗೆ ಎರಡೂ ಮುಖಕ್ಕೆ ಒಂದೊಂದು ಇಟ್ಟು ಅಳೆ, ನಾಣ್ಯಗಳ ದಪ್ಪ ಕಳೆ. ಸುತ್ತ ನಾಲ್ಕೈದು ಕಡೆ ಹಾಗೆ ನೋಡು. ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತೆ, "ಡಿಸ್ಕ್ ಬೆಂಡಾಗಿದೆ" ಅಂತಾರಲ್ಲ, ಬಹಳ ಸಲ ಬೆಂಡೂ ಇಲ್ಲ ಏನೂ ಇಲ್ಲ. ದಪ್ಪ ಒಂದೊಂದು ಕಡೆ ಒಂದೊಂದು ತರ ಇರುತ್ತೆ. ಸವರಿದ ಮೇಲೂ ಕನಿಷ್ಠಕ್ಕಿಂತ ಮೇಲೆ ಉಳಿಯಲ್ಲ ಅನ್ನೋದಾದರೆ ಲೇತ್ ಅಂಗಡಿಯವನ ಮಾತು ಕೇಳಬೇಡ, ಹೊಸದು ತಾ.

ಹಾಗೇ ಒಂದು ಮಾತು: ಎಫ್.ಸಿ., ಅಂದರೆ ಗಾಡಿಯ ಫಿಟ್‌ನೆಸ್, ಪಾಸಾಗಿದೆ ಅನ್ನೋದನ್ನ ಬ್ರೇಕಿನ ಸರ್ಟಿಫಿಕೇಟ್ ಅಂತ ತಿಳ್ಕೋಬೇಡ. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡ್ತಾರೆ. ಪ್ಯಾಡು ಅಲ್ಲೀತನಕ ಕಾಯುತ್ತಾ?

ಪ್ಯಾಡ್ ಕೊಳ್ಳುವಾಗ ಬೆಂಗಳೂರಿನ ಜೆ.ಸಿ. ರೋಡಿನಿಂದ ಯಾರೋ ಅರ್ಧ ರೇಟಿಗೆ ತರಿಸಿಕೊಡ್ತಾರೆ ಅಂದರೆ ಡಬ್ಬಿಯ ಅಂದ ನೋಡಬೇಡ, ಬಿಲ್ ಕೇಳು. ಪ್ಯಾಡಿನ ಬೆನ್ನಿಗೋ ಅಂಚಿಗೋ ಎಷ್ಟೋ ಕಂಪನಿಯವರು ಎರಡು ಅಕ್ಷರ ಒತ್ತಿರುತ್ತಾರೆ, ಎಫ್‌ಎಫ್, ಇಎಫ್ ಅಂತ. ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನದು. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ಘಾಟಿ ಓಡಿಸೋನು ಎರಡನೇ ಅಕ್ಷರ ನೋಡಬೇಕು.

ಹೊಸ ಡಿಸ್ಕಿಗೆ ತುಕ್ಕು ಬಾರದಿರಲಿ ಅಂತ ಎಣ್ಣೆ ಸವರಿ ಕಳಿಸಿರ್ತಾರೆ. ಬ್ರೇಕ್ ಕ್ಲೀನರ್ ಹೊಡೆದು ಒರೆಸು, ಇಲ್ಲವೇ ಸೋಪಿನ ನೀರಲ್ಲಿ ತೊಳೆದು ಒಣಗಿಸು. ಸೀಮೆಎಣ್ಣೆ, ಡೀಸೆಲ್ ಬೇಡ, ಪಸೆ ಉಳಿಯುತ್ತೆ. ಕೆಲವು ಗಾಡಿಗಳಲ್ಲಿ ಡಿಸ್ಕು ಹಾಗೇ ಕೈಗೆ ಬರುತ್ತೆ. ಹಬ್ಬಿಗೇ ಬಿಗಿದಿದ್ದರೆ ಹಬ್ ಬಿಚ್ಚಬೇಕು, ಬೇರಿಂಗಿಗೆ ಗ್ರೀಸ್ ತುಂಬಬೇಕು, ನಟ್ಟಿನ ಬಿಗಿ ಹದವಾಗಿರಬೇಕು. ನಿನ್ನದು ಆ ತರದ್ದಾದರೆ ಅಷ್ಟು ಕೆಲಸಕ್ಕೆ ನನ್ನನ್ನ ಕರಿ, ಇಲ್ಲಾ ಮೆಕ್ಯಾನಿಕ್ಕನ್ನ ಕರಿ. ಡಿಸ್ಕ್ ಕೂರೋ ಜಾಗದ ತುಕ್ಕನ್ನ ವೈರ್ ಬ್ರಶ್ಶಿನಲ್ಲಿ ಹೊಳೆಯೋ ತನಕ ತಿಕ್ಕು. ಒಂದು ಚಕ್ಕೆ ತುಕ್ಕು ಅಡ್ಡ ಕೂತರೂ ಡಿಸ್ಕು ಓರೆಯಾಗಿ ತಿರುಗಿ, ಕೆಲವು ಸಾವಿರ ಕಿಲೋಮೀಟರಿಗೆ ಪೆಡಲ್ ನಡುಕ ವಾಪಸ್ ಬರುತ್ತೆ.

ಪಿಸ್ಟನ್ನನ್ನ ಒಳಗೆ ತಳ್ಳುವ ಮುಂಚೆ ಮೇಲಿನ ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆ, ಇಲ್ಲದಿದ್ದರೆ ಉಕ್ಕಿ ಬಾಡಿಯ ಪೇಂಟ್ ತಿನ್ನುತ್ತೆ. ಹಳೇ ಪ್ಯಾಡನ್ನೇ ಅಡ್ಡ ಕೊಟ್ಟು ಜಿ ಕ್ಲ್ಯಾಂಪಿನಲ್ಲಿ ನಿಧಾನಕ್ಕೆ ಒತ್ತು. ಹೋಗಲ್ಲ ಅಂದರೆ ಸುತ್ತಿಗೆ ತಗೋಬೇಡ. ಅಲ್ಲಿಗೆ ನಿನ್ನ ಕೆಲಸ ನಿಂತಿತು; ಕ್ಯಾಲಿಪರ್ ಬಿಚ್ಚಿ ಸೀಲು ಹಾಕಿಸಬೇಕು. ಹೋಸಿನಲ್ಲಿ ಬಿರುಕು ಕಂಡರೂ ಅಷ್ಟೇ.

ಎಲ್ಲಾ ಕೂರಿಸಿದ ಮೇಲೆ ಗಾಡಿ ಇಳಿಸಿ, ಸ್ಟಾರ್ಟ್ ಮಾಡುವ ಮುಂಚೆ ಪೆಡಲ್ ಒತ್ತು. ಮೊದಲ ಒತ್ತಿಗೆ ಅದು ಸೀದಾ ನೆಲಕ್ಕೆ ಹೋಗುತ್ತೆ, ಯಾಕೆಂದರೆ ಪಿಸ್ಟನ್ ಇನ್ನೂ ಪ್ಯಾಡಿನಿಂದ ದೂರ ಇದೆ. ಗಟ್ಟಿಯಾಗೋ ತನಕ ಒತ್ತುತ್ತಾ ಹೋಗು. ಇದನ್ನ ಮರೆತು ರಿವರ್ಸ್ ಹಾಕಿದೋರು ಕಾಂಪೌಂಡ್ ಗೋಡೆ ಕಟ್ಟಿಸಿಕೊಟ್ಟಿದ್ದಾರೆ. ಆಮೇಲೆ ಆಯಿಲ್ ಮಟ್ಟ ನೋಡು. ಖಾಲಿ ಗಾಡಿಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ ಸಪಾಟು ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ ಹದವಾಗಿ ಇಳಿಸು, ಪೂರ್ತಿ ನಿಲ್ಲಿಸಬೇಡ. ಹಾಗೆ ಎಂಟು ಹತ್ತು ಸಲ. ನಂತರ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ಆರಲು ಬಿಡು. ಅವತ್ತು ಘಾಟಿ ಬೇಡ. ನೂರಿನ್ನೂರು ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನ ಇನ್ನೊಮ್ಮೆ ನೋಡು.

ನಟ್ಟು, ಕ್ಯಾಲಿಪರ್ ಬೋಲ್ಟು ಎರಡಕ್ಕೂ ಕಂಪನಿ ಪುಸ್ತಕದಲ್ಲಿ ಇಷ್ಟೇ ಬಿಗಿ ಅಂತ ಅಂಕಿ ಕೊಟ್ಟಿರ್ತಾರೆ. ಪಾನಾದ ಮೇಲೆ ಹತ್ತಿ ತುಳಿಯೋದು ಬೇಡ. ಟಾರ್ಕ್ ರೆಂಚ್ ನನ್ನ ಹತ್ತಿರ ಇದೆ, ಬಂದು ತಗೊಂಡು ಹೋಗು. ವಾಪಸ್ ತರುವಾಗ ಮಾತ್ರ ಕೆಳಗಿನ ಅಂಕಿಗೆ ಸಡಿಲಿಸಿ ತಾ. ಬಿಗಿಯಲ್ಲೇ ಬಿಟ್ಟರೆ ಸ್ಪ್ರಿಂಗ್ ದಣಿದು ಅಳತೆ ತಪ್ಪುತ್ತೆ.