ಇಂಟರ್ನೆಟ್ ಬಂತು, ಹೆಬ್ಬೆಟ್ಟೂ ಬಂತು

ಒಂದು ಕಾಲ ಇತ್ತು. ಮಗ ಮುಂಬೈಯಿಂದ ಕಾಗದ ಬರೆಯುತ್ತಿದ್ದ. ಅಮ್ಮನಿಗೆ ಓದಲು ಬಾರದು. ಅಂಚೆಯಣ್ಣನೇ ಜಗಲಿಯಲ್ಲಿ ಕೂತು ಓದಿ ಹೇಳಬೇಕು. ಮಗನಿಗೆ ಜ್ವರ ಬಂದದ್ದು, ಹೋಟೆಲಿನ ಕೆಲಸ ಬಿಟ್ಟದ್ದು, ಸಾಲ ಮಾಡಿದ್ದು, ಎಲ್ಲ ಅಮ್ಮನಿಗಿಂತ ಮೊದಲು ಅಂಚೆಯಣ್ಣನಿಗೆ ಗೊತ್ತು. ಆಮೇಲೆ ಊರಿಗೂ ಗೊತ್ತು.

ಈಗ ಕಾಗದ ಇಲ್ಲ. ಮಗ ದುಬೈಯಲ್ಲಿ ಇದ್ದರೂ ಮೊಬೈಲಿನಲ್ಲಿ ಮುಖ ಕಾಣುತ್ತದೆ. ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ಇದು ಇಂಟರ್ನೆಟ್ಟಿನ ಕೆಲಸ.

ಇಂಟರ್ನೆಟ್ ಅಂದರೆ ಏನು? ಮೀನಿನ ಬಲೆ ನೋಡಿದ್ದೀರಲ್ಲ? ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ದಾರ ಇರುತ್ತದೆ. ಹಾಗೆಯೇ ಲೋಕದ ಕಂಪ್ಯೂಟರುಗಳನ್ನೂ ಮೊಬೈಲುಗಳನ್ನೂ ಒಂದಕ್ಕೊಂದು ಜೋಡಿಸಿದ್ದಾರೆ. ಸಮುದ್ರದ ಅಡಿಯಲ್ಲಿ ಕೂಡ ತಂತಿ ಉಂಟು. ಅದರ ಒಳಗೆ ಕೂದಲಿನಷ್ಟು ಸಪೂರದ ಗಾಜಿನ ಎಳೆಗಳು. ನಮ್ಮ ಮಾತು ಬೆಳಕಾಗಿ ಆ ಎಳೆಯಲ್ಲಿ ಓಡುತ್ತದೆ. ನಮ್ಮ ದೇಶದಲ್ಲಿ ಇದು ಜನರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಿಂದ. ಆಗ ದೊಡ್ಡ ಪಟ್ಟಣದವರಿಗೆ ಮಾತ್ರ. 2016ರ ನಂತರ ದರ ಬಹಳ ಇಳಿಯಿತು. ಹಳ್ಳಿಗೂ ಬಂತು.

ಬಂದದ್ದರಿಂದ ಲಾಭ ಆಗಿದೆ. ಆರ್‌ಟಿಸಿಯನ್ನೇ ನೋಡಿ. ಆರ್‌ಟಿಸಿ ಅಂದರೆ ಪಹಣಿ, ನಮ್ಮ ಜಾಗದ ಜಾತಕ. ಹಿಂದೆ ಇದನ್ನು ಕೈಯಲ್ಲಿ ಬರೆದು ಕೊಡುತ್ತಿದ್ದರು. ಬರೆಯುವವರು ಸಿಗಬೇಕು, ಅವರಿಗೆ ಮನಸ್ಸಾಗಬೇಕು. ಚಾ ಕಾಸಿನ ವಿಷಯ ನಿಮಗೆ ಗೊತ್ತೇ ಉಂಟು. ಕರ್ನಾಟಕ ಸರಕಾರ ‘ಭೂಮಿ’ ಎಂಬ ಯೋಜನೆ ಮಾಡಿತು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದರು. 2002ರ ಹೊತ್ತಿಗೆ ಎಲ್ಲ ತಾಲೂಕು ಕಚೇರಿಗಳಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಆರ್‌ಟಿಸಿ ಸಿಗುವ ಹಾಗಾಯಿತು. ಮೂಡುಬಿದಿರೆ ಆಗ ಮಂಗಳೂರು ತಾಲೂಕಿಗೆ ಸೇರಿತ್ತು. ಈಗ ಆರ್‌ಟಿಸಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಇಂಟರ್ನೆಟ್ ಇದ್ದಲ್ಲಿ ಸಿಗುತ್ತದೆ.

ಆದರೆ ಬಲೆ ಎಲ್ಲರಿಗೂ ಸಮನಾಗಿ ಬಿದ್ದಿಲ್ಲ. 2024ರ ಲೆಕ್ಕ ಹೀಗಿದೆ. ಶ್ರೀಮಂತ ದೇಶಗಳಲ್ಲಿ 100 ಜನರಲ್ಲಿ 93 ಜನ ಇಂಟರ್ನೆಟ್ ಬಳಸುತ್ತಾರೆ. ತೀರ ಬಡ ದೇಶಗಳಲ್ಲಿ 27 ಜನ ಮಾತ್ರ. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ಒಂದು ದೊಡ್ಡ ಸಮೀಕ್ಷೆ ನಡೆಯಿತು. 100 ಗಂಡಸರಲ್ಲಿ 57 ಜನ ಇಂಟರ್ನೆಟ್ ಬಳಸಿದವರು. ಹೆಂಗಸರಲ್ಲಿ 33 ಜನ. ಮನೆಗೆ ಒಂದೇ ಮೊಬೈಲ್ ಇದ್ದರೆ ಅದು ಯಾರ ಕಿಸೆಯಲ್ಲಿ ಇರುತ್ತದೆ, ನೀವೇ ಹೇಳಿ.

ಜಾಗದಿಂದ ಜಾಗಕ್ಕೂ ವ್ಯತ್ಯಾಸ ಉಂಟು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿತ್ತು, ಪಾಠ ಮೊಬೈಲಿನಲ್ಲಿ. ನಮ್ಮದೇ ಜಿಲ್ಲೆಯ ಸುಳ್ಯ ತಾಲೂಕಿನ ಗುತ್ತಿಗಾರು ಕಡೆ, 2021ರ ಜೂನ್ ತಿಂಗಳು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮಗಳು ಮಳೆಯಲ್ಲಿ ರಸ್ತೆ ಬದಿಗೆ ಬಂದು ಕೂತು ಪಾಠ ಕೇಳಿದಳು. ಅಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಂತ. ಆ ಫೋಟೋವನ್ನು ದೇಶವೆಲ್ಲ ನೋಡಿತು. ನೋಡಿದ್ದು ಇಂಟರ್ನೆಟ್ಟಿನಲ್ಲೇ!

ಶ್ರೀಮಂತ ದೇಶದವರಿಗೂ ತೊಂದರೆ ಇಲ್ಲ ಅಂತಲ್ಲ. ಬ್ರಿಟನ್ನಿನಲ್ಲಿ 2015ರ ನಂತರ 6,000ಕ್ಕೂ ಹೆಚ್ಚು ಬ್ಯಾಂಕ್ ಶಾಖೆಗಳು ಮುಚ್ಚಿವೆ. ಎಲ್ಲ ಮೊಬೈಲಿನಲ್ಲೇ ಮಾಡಿ ಅನ್ನುತ್ತಾರೆ. ಅಲ್ಲಿನ ಮುದುಕರು ಎಲ್ಲಿಗೆ ಹೋಗಬೇಕು?

ಈಗ ನಮ್ಮ ಕಲಿಕಾ ಕೇಂದ್ರದ ಒಬ್ಬರು ಅಕ್ಕನ ವಿಷಯ ಹೇಳುತ್ತೇನೆ. 30 ವರ್ಷ ಬೀಡಿ ಕಟ್ಟಿದವರು. ಎಲೆ ಕತ್ತರಿಸಿ, ನೂಲು ಸುತ್ತಿ ಬೆರಳಿನ ಗೆರೆ ಸವೆದಿದೆ. ರೇಶನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ಒಪ್ಪುವುದಿಲ್ಲ. ‘ಹೆಬ್ಬೆಟ್ಟು ಬಿಟ್ಟು ಸಹಿ ಕಲಿಯಿರಿ ಅಂತ ನೀವು ಹೇಳಿದಿರಿ. ಕಲಿತೆ. ಈಗ ಹೋದಲ್ಲೆಲ್ಲ ಪುನಃ ಹೆಬ್ಬೆಟ್ಟೇ ಕೇಳುತ್ತಾರಲ್ಲ ಟೀಚರ್’ ಅಂದರು. ನನಗೆ ಕೂಡಲೇ ಉತ್ತರ ಬರಲಿಲ್ಲ.

ಅವರ ಪಿಎಫ್ ಹಣ ಸಿಗುತ್ತಿರಲಿಲ್ಲ. ಕಂಪ್ಯೂಟರ್ ಅಂಗಡಿಗೆ ಮೂರು ಸಲ ಹೋದರು. ‘ಆಗುವುದಿಲ್ಲ, ಸರ್ವರ್ ತೆಗೆದುಕೊಳ್ಳುವುದಿಲ್ಲ’ ಅಂತಲೇ ಉತ್ತರ. ಪ್ರತಿ ಸಲ 50 ರೂಪಾಯಿ. ಒಂದು ರಾತ್ರಿ ಎರಡು ಕಾಗದ ಎದುರಿಗೆ ಇಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದರು. ಬೀಡಿ ಲೆಕ್ಕದಲ್ಲಿ ಹೆಸರಿನ ಕೊನೆಗೆ ‘ಅಮ್ಮ’ ಅಂತ ಇತ್ತು. ಆಧಾರ್‌ನಲ್ಲಿ ಅದು ಇಲ್ಲ. ಎರಡು ಅಕ್ಷರ! ಮನುಷ್ಯರಾದರೆ ‘ಇವರೇ ಅವರು’ ಅಂತ ತಿಳಿಯುತ್ತಾರೆ. ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ತಪ್ಪು ಕಂಡುಹಿಡಿದದ್ದು ಅಂಗಡಿಯವನಲ್ಲ, ಅಕ್ಕನೇ. ತಿದ್ದುವ ಅರ್ಜಿಗೆ ಕಂಪೆನಿಯವರ ಸಹಿಯೂ ಬೇಕು. ಹಣ ಇನ್ನೂ ಬಂದಿಲ್ಲ, ಓಡಾಡುತ್ತಿದ್ದಾರೆ. ಆದರೆ ಈಗ ಯಾಕೆ ಓಡಾಡುತ್ತಿದ್ದೇನೆ ಅಂತ ಅವರಿಗೆ ಗೊತ್ತು.

ಹೆಬ್ಬೆಟ್ಟಿನ ಇನ್ನೊಂದು ಕತೆ ಕೇಳಿ. ಆಧಾರ್ ಸಂಖ್ಯೆ ಮತ್ತು ಬೆರಳಿನ ಗುರುತು ಇದ್ದರೆ ಹಳ್ಳಿಯಲ್ಲೇ ಬ್ಯಾಂಕ್ ಹಣ ತೆಗೆಯಬಹುದು. ಓಟಿಪಿ ಕೂಡ ಬೇಡ. ಓದಲು ಬಾರದವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು. 2023ರಲ್ಲಿ ಮಂಗಳೂರಿನಲ್ಲಿ ಏನಾಯಿತು? ಜಾಗದ ನೋಂದಣಿಗೆ ಬೆರಳಚ್ಚು ಕೊಟ್ಟಿದ್ದ ಹಲವರ ಖಾತೆಯಿಂದ ಹಣ ಹೋಯಿತು. ಅವರು ಯಾರಿಗೂ ಪಿನ್ ಹೇಳಿರಲಿಲ್ಲ. ಕಳ್ಳರು ಬೆರಳಿನ ಗುರುತನ್ನೇ ಕದ್ದಿದ್ದರು. ಪಿನ್ ಬದಲಿಸಬಹುದು, ಬೆರಳು ಬದಲಿಸಲು ಆಗುತ್ತದಾ? ಅದಕ್ಕೆ ಒಂದು ಉಪಾಯ ಉಂಟು. ಆಧಾರ್‌ನ ವೆಬ್‌ಸೈಟಿನಲ್ಲಿ ನಮ್ಮ ಬೆರಳಚ್ಚಿಗೆ ಬೀಗ ಹಾಕಬಹುದು. ಬೇಕಾದಾಗ ಮಾತ್ರ ತೆರೆಯಬಹುದು. ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ತಡ ಮಾಡಿದರೆ ಹಣ ಕೈಯಿಂದ ಕೈಗೆ ದಾಟಿ ಹೋಗುತ್ತದೆ.

ಕೆಲವರು ಹೇಳುತ್ತಾರೆ, ‘ಈಗ ಮಾತಾಡಿದರೆ ಮೊಬೈಲಿಗೆ ಕೇಳುತ್ತದೆ, ಓದುವುದು ಯಾಕೆ?’ ನಮ್ಮ ಮೂಡುಬಿದಿರೆಯ ಬಸದಿಯಲ್ಲಿ ಧವಲ ಎಂಬ ಗ್ರಂಥದ ತಾಳೆಗರಿಗಳು ಉಂಟು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳೆಯ ಕನ್ನಡ. ನೂರಾರು ವರ್ಷ ಜನ ದೂರದಿಂದ ಬಂದು ಅದರ ದರ್ಶನ ಮಾಡಿದರು, ಕೈ ಮುಗಿದು ಹೋದರು. ಓದಬಲ್ಲವರು ಅದನ್ನು ನಕಲು ಮಾಡಿದ ಮೇಲೆ, 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಮೊಬೈಲಿನಲ್ಲಿ ಬರೇ ಚಿತ್ರ ನೋಡುವವರು ನನಗೆ ಆ ಯಾತ್ರಿಕರ ಹಾಗೆ ಕಾಣುತ್ತಾರೆ. ಬ್ಯಾಂಕಿನವರು ನಮಗೆ ಹಾಡಿ ಹೇಳುವುದಿಲ್ಲ, ಬರೆದು ಕಳಿಸುತ್ತಾರೆ. ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಇದು ನನಗೆ ಸರಿ ಕಾಣುವುದಿಲ್ಲ. ನಮ್ಮ ಹಣದ ಸುದ್ದಿ ನಮ್ಮ ಭಾಷೆಯಲ್ಲಿ ಬರಬೇಕು. ಕೇಳುವ ಹಕ್ಕು ನಮಗೆ ಉಂಟು. ಅಷ್ಟರವರೆಗೆ ಎರಡು ಪದ ಗುರುತು ಮಾಡಿಕೊಳ್ಳೋಣ. ಕ್ರೆಡಿಟ್ ಅಂದರೆ ಹಣ ಬಂತು. ಡೆಬಿಟ್ ಅಂದರೆ ಹೋಯಿತು. ಇವುಗಳ ಇಂಗ್ಲಿಷ್ ಅಕ್ಷರಗಳನ್ನು ಟೀಚರಿಂದ ಹಲಗೆಯ ಮೇಲೆ ಬರೆಸಿ, ನೋಡಿ ಬರೆಯಿರಿ.

ಮಾಡಿ ನೋಡಿ:

ಮನೆಯ ಮೊಬೈಲನ್ನು ಅರ್ಧ ಗಂಟೆ ಕೇಳಿ ಪಡೆಯಿರಿ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ಸಂದೇಶವನ್ನೋ, ಬೀಡಿ ಮಜೂರಿ ಬಂದ ಸಂದೇಶವನ್ನೋ ನೀವೇ ಹುಡುಕಿ. ಅಂಕೆಗಳು ನಿಮಗೆ ಗೊತ್ತು. ತಾರೀಕು, ಮೊತ್ತ, ಬಂತೋ ಹೋಯಿತೋ, ಮೂರನ್ನೂ ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಆಧಾರ್, ಆರ್‌ಟಿಸಿ, ಬ್ಯಾಂಕ್ ಪುಸ್ತಕ ಮೂರರಲ್ಲೂ ನಿಮ್ಮ ಹೆಸರು ಹೇಗಿದೆ ಅಂತ ಒಂದರ ಕೆಳಗೆ ಒಂದು ಬರೆಯಿರಿ. ನಾಳೆ ತನ್ನಿ, ಒಟ್ಟಿಗೆ ನೋಡುವ. ಪಿನ್ ಸಂಖ್ಯೆ ಮಾತ್ರ ಬರೆಯಬೇಡಿ. ನನಗೂ ತೋರಿಸಬೇಡಿ.