ಮಾತು ಬದಲಾಯಿತು, ಮಗ ಅವನೇ



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಎರಡು ಕಾಗದ ತಂದರು. ಎರಡೂ ಅವರ ಮಗನವು. ಒಂದು ಹಳೆಯದು. ಮಡಿಚಿ ಮಡಿಚಿ ಹರಿದಿತ್ತು. ಇನ್ನೊಂದು ಹೊಸದು. ತಪಾಸಣಾ ಶಿಬಿರದಲ್ಲಿ ಡಾಕ್ಟರು ಕೊಟ್ಟದ್ದು.

ಆ ಅಕ್ಕ ಈಗ ಓದು ಕಲಿತಿದ್ದಾರೆ. ಬೆರಳಿಟ್ಟು ಓದಿದರು. ಹಳೆಯದರಲ್ಲಿ "ಬುದ್ಧಿಮಾಂದ್ಯ" ಎಂದಿತ್ತು. ಹೊಸದರಲ್ಲಿ "ಬೌದ್ಧಿಕ ಅಸಾಮರ್ಥ್ಯ" ಎಂದಿತ್ತು.

"ಟೀಚರ್, ನನ್ ಮಗನಿಗೆ ಇನ್ನೊಂದು ಕಾಯಿಲೆ ಬಂತಾ?" ಎಂದು ಕೇಳಿದರು. ಅವರ ಗಂಟಲು ಕಟ್ಟಿತ್ತು. ಆ ಹೆದರಿಕೆಗೆ ಹೊಸ ಕಾಗದವನ್ನು ಪಂಚಾಯಿತಿಗೂ ಕೊಟ್ಟಿರಲಿಲ್ಲ.

ಇಲ್ಲ, ಹೊಸ ಕಾಯಿಲೆ ಬಂದಿಲ್ಲ. ಎರಡು ಕಾಗದವೂ ಹೇಳುವುದು ಒಂದೇ ಸಂಗತಿ. ಬದಲಾಗಿದ್ದು ಮಾತು.

ಮಾತು ಯಾಕೆ ಬದಲಾಯಿತು?

"ಮಾಂದ್ಯ" ಬಂದಿದ್ದು "ಮಂದ"ದಿಂದ. ಮಂದ ಅಂದರೆ ನಿಧಾನ. ಗಾಳಿ ಮಂದವಾಗಿ ಬೀಸಿತು ಅನ್ನುತ್ತೇವೆ. ಅದು ಬೈಗುಳ ಅಲ್ಲ. ಈ ಮಗು ಕಲಿಯುವುದು ನಿಧಾನ ಎಂದು ಹೇಳಲು ಈ ಮಾತು ಹುಟ್ಟಿತು. 1995ರಲ್ಲಿ ಅಂಗವಿಕಲರ ಕಾನೂನು ಬಂದಾಗಲೂ ಕನ್ನಡದಲ್ಲಿ ಇದೇ ಮಾತು ನಡೆಯುತ್ತಿತ್ತು. ಆದರೆ ಜನ ಅದನ್ನು ಬೀದಿಗೆ ತಂದರು. ಲೆಕ್ಕ ತಪ್ಪಿದವನಿಗೂ "ಮಂದಬುದ್ಧಿ", ಕೊಡ ಕೈಜಾರಿಸಿದವಳಿಗೂ "ಮಂದಬುದ್ಧಿ". ಅನ್ನ ಹಳಸುವ ಹಾಗೆ ಮಾತೂ ಹಳಸಿತು.

ಇಂಗ್ಲಿಷಿನ ಕಥೆಯೂ ಹೀಗೇ. ಸಿನಿಮಾದಲ್ಲಿ "ಈಡಿಯಟ್" ಎಂದು ಬೈಯುವುದನ್ನು ಕೇಳಿದ್ದೀರಿ. ಸುಮಾರು 100 ವರ್ಷದ ಹಿಂದೆ ಅದು ಡಾಕ್ಟರುಗಳ ಪುಸ್ತಕದ ಮಾತು. ನಮ್ಮ ದೇಶದಲ್ಲಿ ಬ್ರಿಟಿಷರು 1912ರಲ್ಲಿ ಮಾಡಿದ ಕಾನೂನಿನಲ್ಲೂ ಅದು ಇತ್ತು. ಆ ಕಾನೂನು ಮನಸ್ಸಿನ ಕಾಯಿಲೆಯನ್ನೂ ಬುದ್ಧಿಯ ನಿಧಾನವನ್ನೂ ಒಂದೇ ಗಂಟಿಗೆ ಕಟ್ಟಿತ್ತು. 1987ರ ಮಾನಸಿಕ ಆರೋಗ್ಯ ಕಾನೂನು ಆ ಗಂಟನ್ನು ಬಿಚ್ಚಿತು.

ನಮ್ಮ ಊರುಗಳಲ್ಲಿ ಆ ಗಂಟು ಇನ್ನೂ ಬಿಚ್ಚಿಲ್ಲ. "ಅದಕ್ಕೆ ಹುಚ್ಚು" ಅಂದುಬಿಡುತ್ತಾರೆ. ಮನಸ್ಸಿನ ಕಾಯಿಲೆ ಯಾವ ವಯಸ್ಸಿನಲ್ಲೂ ಬರಬಹುದು. ಅದಕ್ಕೆ ಔಷಧಿ ಇದೆ. ಬುದ್ಧಿಯ ಬೆಳವಣಿಗೆ ನಿಧಾನವಾಗುವುದು ಚಿಕ್ಕಂದಿನಿಂದಲೇ. ಅದಕ್ಕೆ ಬೇಕಾದ್ದು ಮುಖ್ಯವಾಗಿ ಕಲಿಕೆ. ಮತ್ತೆ ಮತ್ತೆ ತೋರಿಸಿಕೊಡಬೇಕು, ತಾಳ್ಮೆ ಬೇಕು.

ಇನ್ನೊಂದು ಮಾತು "ಪೆದ್ದ". ತೆಲುಗು ಬಲ್ಲ ಅಕ್ಕಂದಿರಿಗೆ ನಗು ಬರಬಹುದು. ಅವರ ಮಾತಿನಲ್ಲಿ ಪೆದ್ದ ಅಂದರೆ ದೊಡ್ಡವರು! ಹುಚ್ಚಮ್ಮ, ಮರುಳಯ್ಯ ಎಂದು ನಮ್ಮಲ್ಲೇ ಭಕ್ತಿಯಿಂದ ಹೆಸರಿಡುತ್ತಾರೆ. ಯಾರಿಗೂ ಬೇಸರವಿಲ್ಲ. ಅದೇ ಮಾತನ್ನು ಒಂದು ಮಗುವಿನ ಬೆನ್ನ ಹಿಂದೆ ಕೂಗಿದರೆ? ನಾವೂ ಶಾಲೆಯಲ್ಲಿ ಸಿಟ್ಟು ಬಂದಾಗ "ದಡ್ಡ" ಎಂದು ಕೂಗಿದವರೇ. ಈಗ ನೆನೆದರೆ ನಾಚಿಕೆ.

2016ರಲ್ಲಿ ಹೊಸ ಕಾನೂನು ಬಂತು. ಅದು 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಬುದ್ಧಿಮಾಂದ್ಯ ಎಂಬಲ್ಲಿ ಈಗ ಬೌದ್ಧಿಕ ಅಸಾಮರ್ಥ್ಯ ಅಥವಾ ಬೌದ್ಧಿಕ ವಿಕಲತೆ ಎಂದು ಬರೆಯುತ್ತಾರೆ. ವಿಕಲಚೇತನರನ್ನು ಜನರೆದುರು ಬೇಕೆಂದೇ ಅವಮಾನ ಮಾಡಿದವರಿಗೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ದಂಡವೂ ಉಂಟು.

ಹೊಸ ಮಾತು ಬಾಯಿಗೆ ಕಷ್ಟ. ನಮ್ಮ ನಾಲಿಗೆಯೂ ಮೊದಲು ತೊಡರಿತು. ನಾಳೆ ಇದೂ ಹಳಸಬಹುದು ಎಂಬ ಭಯ ನಮಗಿದೆ.

ಹಳೆಯ ಕಾಗದವನ್ನು ಎಸೆಯಬೇಡಿ. ಎರಡನ್ನೂ ಜೋಪಾನ ಮಾಡಿ. ಗುರುತಿನ ಚೀಟಿಗೆ ಏನು ಬೇಕು ಎಂದು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಆ ಅಕ್ಕನನ್ನು ನಾವು ಕೇಳಿದೆವು, "ನಿಮ್ಮ ಮಗ ಏನು ಮಾಡ್ತಾನೆ?"

"ಕುರಿ ಕಾಯ್ತಾನೆ ಟೀಚರ್. ಒಂದ್ ಮರಿ ತಪ್ಪಿಸಿಕೊಂಡ್ರೂ ಅವನಿಗೇ ಮೊದಲು ಗೊತ್ತಾಗೋದು. ಊರೋರು ಪೆದ್ದ ಅಂತಾರೆ. ನಾನು ಹೆಸರು ಹಿಡಿದೇ ಕರೀತೀನಿ."

ಅಂದು ಅವರು ಸ್ಲೇಟಿನ ಮೇಲೆ ಮಗನ ಹೆಸರು ಬರೆದರು. ಮಾರನೇ ದಿನ ಎರಡೂ ಕಾಗದ ಹಿಡಿದು ಪಂಚಾಯಿತಿಗೆ ಹೋದರು.

ಓದಿ, ಬರೆಯಿರಿ: ಬುದ್ಧಿ. ಬೌದ್ಧಿಕ. ವಿಕಲಚೇತನ.
ನಿಮ್ಮ ಊರಿನಲ್ಲಿ ಅಡ್ಡಹೆಸರಿನಿಂದ ಕರೆಯುವ ಒಬ್ಬರ ನಿಜವಾದ ಹೆಸರು ಕೇಳಿಕೊಂಡು ಬನ್ನಿ. ಅದನ್ನೂ ಬರೆಯಿರಿ.