ವೀಡಿಯೊ ಚಿತ್ರಗಳಿಂದ ಗ್ರಾಮಸೇವೆ

ಫೋನಿನಲ್ಲಿ ಬರುವ ವೀಡಿಯೊ ಚಿತ್ರಗಳಿಂದ ಗ್ರಾಮದವರಿಗೆ ನಿಜವಾದ ಸಹಾಯವಾಗುವುದೋ ಎಂಬುದನ್ನು ಇಲ್ಲಿ ವಿಚಾರಿಸುವೆವು.

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ‘ಡಿಜಿಟಲ್ ಗ್ರೀನ್’ ಎಂಬ ಕಾರ್ಯವು ಆರಂಭವಾಯಿತು. ಊರಿನ ರೈತನೇ ತನ್ನ ಹೊಲದಲ್ಲಿ ಹೊಸ ಪದ್ಧತಿಯನ್ನು ಮಾಡಿ ತೋರಿಸುವನು. ಅದನ್ನು ಚಿತ್ರಿಸಿ ನೆರೆಯವರಿಗೆ ತೋರಿಸುವರು. ಊರವರಲ್ಲೊಬ್ಬರು ನಡುನಡುವೆ ಚಿತ್ರವನ್ನು ನಿಲ್ಲಿಸಿ, ತಿಳಿಯಿತೇ, ಮಾಡುವಿರಾ ಎಂದು ಕೇಳುವರು. ಜನರ ಪ್ರಶ್ನೆಗಳನ್ನು ಬರೆದಿಟ್ಟು ಮುಂದಿನ ಚಿತ್ರಗಳನ್ನು ಅವುಗಳಿಗೆ ಹೊಂದಿಸಿದರು. ಕರ್ನಾಟಕದ 16 ಗ್ರಾಮಗಳಲ್ಲಿ 13 ತಿಂಗಳು ಪರೀಕ್ಷೆ ನಡೆಯಿತು. 8 ಗ್ರಾಮಗಳಲ್ಲಿ ಚಿತ್ರಗಳಿದ್ದವು, ಉಳಿದ 8ರಲ್ಲಿ ಇರಲಿಲ್ಲ. ಚಿತ್ರಗಳಿದ್ದಲ್ಲಿ ಕೆಲವು ಪದ್ಧತಿಗಳ ಅನುಸರಣೆಯು ಹಳೆಯ ಉಪದೇಶಕ್ರಮಕ್ಕಿಂತ 7 ಪಟ್ಟಾಯಿತೆಂದು 2009ರಲ್ಲಿ ಪ್ರಕಟಿಸಿದರು.

ಇದರಿಂದ ನಾವು ಕಲಿಯತಕ್ಕದ್ದೇನು? ಯಂತ್ರವೊಂದೇ ಸಾಲದು, ಪರಿಚಿತ ಮುಖವೂ ಪಕ್ಕದಲ್ಲಿ ಕುಳಿತು ಕೇಳುವವರೂ ಬೇಕು. ಆಳಂದ ಸೀಮೆಯ ಸರಸಂಬಾದಲ್ಲಿ ತೊಗರಿಯ ರೋಗವನ್ನಾಗಲಿ ಬಾಣಂತಿಯ ಆರೈಕೆಯನ್ನಾಗಲಿ ತಿಳಿಸುವ ಚಿತ್ರವು ಫೋನಿಗೆ ಬಂದೀತು. ಆದರೆ ಅಕ್ಷರ ಬಾರದ ತಾಯಿಯು ಸಂಶಯವನ್ನು ಯಾರ ಬಳಿ ಹೇಳಿಕೊಳ್ಳಬೇಕು? ಕೇಳುವವರಿಲ್ಲದಿದ್ದರೆ ಚಿತ್ರವು ಬಂದರೂ ಬಾರದಂತೆಯೇ. ಹಳೆಯ ವಿದ್ಯಾರ್ಥಿನಿಯರೇ, ವಾರಕ್ಕೊಂದು ಸಂಜೆ ನೆರೆಮನೆಯ ಜಗುಲಿಯಲ್ಲಿ ಕುಳಿತುಕೊಳ್ಳಿರಿ. ತಂದೆತಾಯಿಗಳೇ, ನಿಮ್ಮ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಸಂತೋಷದಿಂದ ಕಳುಹಿಸಿರಿ. ನಾವು ಪಡೆದ ವಿದ್ಯೆಯು ಅಲ್ಲಿಯೇ ಸಾರ್ಥಕವಾಗುವುದು.